ಕಲ್ಯಾಣದ ಅರಸನ ಗಾಳ, ಮಾಂಜ್ರಾ ದಂಡೆಯ ಎರೆ

ಉಮರ್ಗಾದಿಂದ ಸೊಲ್ಲಾಪುರ-ಹೈದರಾಬಾದ ಹೆದ್ದಾರಿ ಹಿಡಿದು ಮೂಡಣಕ್ಕೆ ಹೊರಟರೆ ಸುಮಾರು ಒಂದು ಗಂಟೆಯೊಳಗೆ ಸಸ್ತಾಪುರ ಬಂಗ್ಲಾ ಬರುತ್ತದೆ. ಅಲ್ಲಿಂದ ಎಡಕ್ಕೆ ಹೊರಳಿದರೆ ಬಸವಕಲ್ಯಾಣ. ಮದುವೆಯ ಜವಳಿಗೆ, ಬೀಗರ ಮನೆಗೆ, ಅನುಭವ ಮಂಟಪದ ದರ್ಶನಕ್ಕೆ ನಮ್ಮ ಗಡಿಭಾಗದ ಕುಟುಂಬಗಳು ತಲೆತಲಾಂತರದಿಂದ ಓಡಾಡಿದ ದಾರಿ ಇದು. ಒಂಬೈನೂರು ವರ್ಷಗಳ ಹಿಂದೆ ಆ ಊರಿನಲ್ಲಿ ಕುಳಿತು ಒಬ್ಬ ಅರಸನು ಗಾಳಕ್ಕೆ ಏನನ್ನು ಕಟ್ಟಬೇಕು, ಯಾವ ಮೀನು ಯಾವ ತಿನಿಸಿಗೆ ಬಾಯಿ ಹಾಕುತ್ತದೆ ಎಂಬುದನ್ನು ಶ್ಲೋಕಗಳಲ್ಲಿ ಬರೆದಿಟ್ಟನೆಂಬ ಸಂಗತಿ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿದಂತಿಲ್ಲ. ಇತಿಹಾಸದ ಮಾತು ಬಂದಾಗ ನಮಗೆ ನೆನಪಾಗುವುದು ಕೋಟೆ ಮತ್ತು ಯುದ್ಧ. ಉದಗಿರವೆಂದರೆ 1760ರಲ್ಲಿ ಮರಾಠರು ನಿಜಾಮನನ್ನು ಸೋಲಿಸಿದ ಕದನ. ನಿಲಂಗಾ ಎಂದರೆ ನೀಲಕಂಠೇಶ್ವರ ಗುಡಿಯ ಶಿಲ್ಪ. ಊಟ, ಆಟ, ಬೇಟೆ, ಮೀನು ಇವು ಇತಿಹಾಸದ ಪುಟಕ್ಕೆ ಬರುವುದು ಅಪರೂಪ. ಹಾಗೆ ಬಂದ ಒಂದು ಅಪರೂಪದ ಗ್ರಂಥವು ನಮ್ಮ ನೆರೆಯಲ್ಲಿಯೇ ಹುಟ್ಟಿದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅದರ ಒಂದು ಅಧ್ಯಾಯವನ್ನು ಕುರಿತು ಬರೆಯುವುದು ಉಚಿತವೆಂದು ಭಾವಿಸಿದ್ದೇನೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ಮಗ ಮೂರನೆಯ ಸೋಮೇಶ್ವರ. ‘ಭೂಲೋಕಮಲ್ಲ’ನೆಂಬುದು ಅವನ ಬಿರುದು, ವಿದ್ವಾಂಸರು ಅವನನ್ನು ‘ಸರ್ವಜ್ಞ’ನೆಂದೂ ಕರೆದರು. 1138ರವರೆಗೆ ಆಳಿದ ಈ ಅರಸನು ತಂದೆಯಂತೆ ದಂಡಯಾತ್ರೆಗಳಿಂದ ಹೆಸರಾದವನಲ್ಲ, ಪುಸ್ತಕದಿಂದ ಹೆಸರಾದವನು. ಆ ಪುಸ್ತಕವೇ ‘ಮಾನಸೋಲ್ಲಾಸ’. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಅದರ ಜ್ಯೋತಿಷ ಭಾಗದಲ್ಲಿ ಗಣನೆಗೆ ಹಿಡಿದಿರುವ ವರ್ಷ ಶಕ 1051, ಅಂದರೆ ಕ್ರಿ.ಶ. 1129. ಆದ್ದರಿಂದ ಗ್ರಂಥದ ಕಾಲದ ಬಗೆಗೆ ಹೆಚ್ಚಿನ ವಾದವಿಲ್ಲ. ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳಂತೆ ಐದು ‘ವಿಂಶತಿ’ಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವ ಬಗೆಯಿಂದ ಆರಂಭಿಸಿ ಅರಮನೆಯ ಅಡುಗೆ, ಆನೆ ಕುದುರೆ, ಚಿತ್ರ, ಸಂಗೀತ, ಕೋಳಿಕಾಳಗದವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಇಂದಿನ ಇಡ್ಲಿ, ದೋಸೆಗಳ ಪೂರ್ವಜರನ್ನು ಹುಡುಕುವವರು ಅದರ ಅನ್ನಭೋಗದ ಅಧ್ಯಾಯಕ್ಕೆ ಹೋಗುತ್ತಾರೆ. ಮರಾಠಿಯ ಅತಿ ಹಳೆಯ ಹಾಡಿನ ಸಾಲುಗಳನ್ನು ಹುಡುಕುವವರು ಅದರ ಗೀತವಿನೋದಕ್ಕೆ ಹೋಗುತ್ತಾರೆ. ಅದೇ ಅಧ್ಯಾಯದಲ್ಲಿ ಕನ್ನಡದ ಹಾಡುಗಳೂ ಇವೆ. ಕನ್ನಡವೂ ಮರಾಠಿಯೂ ಒಂದೇ ಚಾವಡಿಯಲ್ಲಿ ಕುಳಿತ ಸಂಸ್ಕೃತ ಗ್ರಂಥವಿದು. ಗಡಿಯಲ್ಲಿ ಬಾಳುವ ನಮಗೆ ಇದಕ್ಕಿಂತ ಹತ್ತಿರದ ಪುಸ್ತಕ ಬೇರೆ ಯಾವುದಿದ್ದೀತು?

ನಾಲ್ಕನೆಯ ವಿಂಶತಿಯ ಹೆಸರು ವಿನೋದ ವಿಂಶತಿ. ಅರಸನ ಇಪ್ಪತ್ತು ಬಗೆಯ ವಿನೋದಗಳು ಅಲ್ಲಿವೆ. ಡೇಗೆಯನ್ನು ಹಾರಿಸಿ ಹಕ್ಕಿ ಹಿಡಿಯುವ ಶ್ಯೇನವಿನೋದ ಮುಗಿದ ಮೇಲೆ, ಮೃಗಗಳ ಬೇಟೆ ಆರಂಭವಾಗುವ ಮೊದಲು ‘ಮತ್ಸ್ಯವಿನೋದ’ ಬರುತ್ತದೆ. ಗಾಳದಿಂದ ಮೀನು ಹಿಡಿಯುವುದನ್ನು ಹೊಟ್ಟೆಪಾಡಿನ ಕೆಲಸವೆಂದಲ್ಲದೆ ಒಂದು ಕ್ರೀಡೆಯೆಂದು ವಿವರಿಸುವ ಭಾರತದ ಬರಹಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ಇಂಗ್ಲಿಷಿನಲ್ಲಿ ಗಾಳದ ಮೇಲಿನ ಮೊದಲ ಮುದ್ರಿತ ಪ್ರಬಂಧವು ಸಂತ ಆಲ್ಬನ್ಸ್ ಗ್ರಂಥದ ಜೊತೆಗೆ 1496ರಲ್ಲಿ ಹೊರಬಂದಿತು. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿ ಅದನ್ನು ಬರೆದಳೆಂದು ರೂಢಿಯ ಮಾತು. ಐಸಾಕ್ ವಾಲ್ಟನ್ನನ ಪ್ರಖ್ಯಾತ ಪುಸ್ತಕ ಬಂದದ್ದು 1653ರಲ್ಲಿ. ಕಲ್ಯಾಣದ ಪುಸ್ತಕ ಅವೆರಡಕ್ಕೂ ನೂರಾರು ವರ್ಷ ಹಿರಿದು. ಹಿರಿತನದ ಲೆಕ್ಕದಿಂದಲೇ ಹಿಗ್ಗಬೇಕೆಂದು ನಾನು ಹೇಳುತ್ತಿಲ್ಲ. ಆ ಪುಸ್ತಕ ಕೇಳುವ ಪ್ರಶ್ನೆ ಯಾವುದು, ಉತ್ತರವನ್ನು ಅದು ಹೇಗೆ ಹುಡುಕುತ್ತದೆ ಎಂಬುದು ಹೆಚ್ಚು ಕುತೂಹಲದ ವಿಷಯ.

ಮೀನು ಹಿಡಿಯುವವರ ನಡುವೆ ಇಂದು ನಡೆದಿರುವ ಒಂದು ವಾದವಿದೆ. ಗಾಳಕ್ಕೆ ಜೀವಂತ ಎರೆಯನ್ನು, ಎಂದರೆ ಎರೆಹುಳು, ಮಿಡತೆ, ಸಿಗಡಿ, ಮರಿಮೀನು, ಕಪ್ಪೆಯನ್ನು ಚುಚ್ಚುವುದು ಮೇಲೋ, ಇಲ್ಲವೆ ಹೊಳೆಯುವ ತಗಡು, ಮರ, ರಬ್ಬರು, ಪ್ಲಾಸ್ಟಿಕ್ಕಿನಿಂದ ಮಾಡಿದ ಕೃತಕ ಎರೆಯನ್ನು ಕಟ್ಟಿ ಸೆಳೆಯುವುದು ಮೇಲೋ? ಈಗ ಮನೆಯಲ್ಲಿ ಕುಳಿತು ಫೋನಿನಲ್ಲಿಯೇ ರಬ್ಬರು ಕಪ್ಪೆಯನ್ನು ತರಿಸಿಕೊಳ್ಳಬಹುದು. ಹೊಟ್ಟೆಯ ಕೆಳಗೆ ಎರಡು ಗಾಳ, ಹಿಂದೆ ಅಲುಗುವ ಎರಡು ಎಳೆಯ ಕಾಲು. ಬಣ್ಣ ಬೇರೆ ಬೇರೆ. ಆದರೆ ವಾದ ಹೊಸದಲ್ಲ. ಮ್ಯಾಸಿಡೋನಿಯದ ಜನರು ಕೆಂಪು ಉಣ್ಣೆಯನ್ನು ಗಾಳಕ್ಕೆ ಸುತ್ತಿ, ಗರಿಗಳನ್ನು ಕಟ್ಟಿ, ನೊಣದಂತೆ ತೋರಿಸಿ ಅಸ್ಟ್ರೇಯಸ್ ನದಿಯಲ್ಲಿ ಮೀನು ಹಿಡಿಯುತ್ತಿದ್ದರೆಂದು ಸುಮಾರು ಕ್ರಿ.ಶ. 200ರ ವೇಳೆಗೆ ಈಲಿಯನ್ ಎಂಬ ಲೇಖಕನು ಬರೆದಿದ್ದಾನೆ. 1852ರಲ್ಲಿ ಅಮೆರಿಕದ ಜೂಲಿಯೋ ಬ್ಯೂಎಲ್ ಎಂಬವನು ಚಮಚದ ಆಕಾರದ ಲೋಹದ ಎರೆಗೆ ಪೇಟೆಂಟು ಪಡೆದನು. ದೋಣಿಯಲ್ಲಿ ಕುಳಿತು ಉಣ್ಣುವಾಗ ಅವನ ಚಮಚ ಕೈಜಾರಿ ನೀರಿಗೆ ಬಿತ್ತೆಂದೂ ಮೀನೊಂದು ಅದನ್ನು ನುಂಗಲು ಧಾವಿಸಿತೆಂದೂ ಕಥೆ ಹೇಳುತ್ತಾರೆ. ಇಂತಹ ಕಥೆಗಳನ್ನು ನಂಬಲೇಬೇಕೆಂದಿಲ್ಲ. 1936ರಲ್ಲಿ ಫಿನ್ಲೆಂಡಿನ ಲೌರಿ ರಾಪಾಲಾ ಎಂಬ ಬಡ ಮೀನುಗಾರನು ಬೆಂಡಿನಿಂದ ಕೆತ್ತಿದ ಮೀನು ಇಂದು ಲೋಕವೆಲ್ಲ ಮಾರಾಟವಾಗುವ ಕಂಪನಿಯ ಮೂಲವಾಯಿತು. ಗಾಯಗೊಂಡ ಮೀನೊಂದು ಓರೆಯಾಗಿ ಈಜುವುದನ್ನು ದೊಡ್ಡ ಮೀನು ಬೇಗನೆ ಗುರುತಿಸುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದನು.

ಸೋಮೇಶ್ವರನು ಈ ಪ್ರಶ್ನೆಯನ್ನು ವಸ್ತುವಿನ ಕಡೆಯಿಂದ ಕೇಳುವುದಿಲ್ಲ, ಮೀನಿನ ಕಡೆಯಿಂದ ಕೇಳುತ್ತಾನೆ. ಅವನ ವಿಚಾರಣೆಯ ಸೊಗಸಿರುವುದು ಇಲ್ಲಿ. ಮೊದಲು ಮೀನುಗಳನ್ನು ವಿಂಗಡಿಸುತ್ತಾನೆ: ಕಡಲಿನವು, ಹೊಳೆಯವು, ಹುರುಪೆ ಇರುವವು, ಇಲ್ಲದವು, ದೊಡ್ಡವು, ನಡುವಣವು, ಸಣ್ಣವು. ಸುಮಾರು 35 ಬಗೆಯ ಮೀನುಗಳ ಹೆಸರು ಅವನ ಪಟ್ಟಿಯಲ್ಲಿದೆ. ಕೊಂಕಣದ ಕರಾವಳಿಯೂ ಚಾಲುಕ್ಯರ ಆಳ್ವಿಕೆಗೆ ಸೇರಿದ್ದರಿಂದ ಕಲ್ಯಾಣದಂತಹ ಒಳನಾಡಿನ ರಾಜಧಾನಿಯ ಪುಸ್ತಕಕ್ಕೆ ಕಡಲ ಮೀನು ಬಂದುದರಲ್ಲಿ ಆಶ್ಚರ್ಯವಿಲ್ಲ. ಅನಂತರ ಯಾವ ಬಗೆಯ ಮೀನಿಗೆ ಯಾವ ತಿನಿಸು ಒಗ್ಗುತ್ತದೆ ಎಂಬ ಮಾತು. ಹಿಟ್ಟಿನ ಉಂಡೆಗೆ ಬರುವ ಮೀನು ಬೇರೆ, ಮಾಂಸಕ್ಕೆ ಬರುವ ಮೀನು ಬೇರೆ. ಗಾಳ ಇಳಿಸುವ ಮೊದಲೇ ಆಯ್ದ ಜಾಗದಲ್ಲಿ ತಿನಿಸು ಚೆಲ್ಲಿ, ಮೀನುಗಳನ್ನು ಆ ಜಾಗಕ್ಕೆ ರೂಢಿ ಮಾಡಿಸಬೇಕು. ಕೋಲು, ದಾರ, ಗಾಳ ಹೇಗಿರಬೇಕೆಂಬುದು ಬಳಿಕ ಬರುತ್ತದೆ. ಇಷ್ಟೂ ವಿವರ ಆಸ್ಥಾನದ ಪಂಡಿತರ ಮನೆಯಲ್ಲಿ ಸಿಕ್ಕದು. ನೀರಿನ ದಂಡೆಯಲ್ಲಿ ವರ್ಷಗಟ್ಟಲೆ ಕುಳಿತವರ ಬಾಯಿಂದ ಕೇಳಿದ್ದನ್ನೇ ಅರಸನು, ಅಥವಾ ಅವನ ಪರವಾಗಿ ಬರೆದವರು, ಸಂಸ್ಕೃತದ ಅನುಷ್ಟುಪ್ಪಿಗೆ ಇಳಿಸಿದ್ದಾರೆಂಬುದು ನನ್ನ ದೃಢವಾದ ಅನಿಸಿಕೆ. ಆ ಬೆಸ್ತರ ಹೆಸರೊಂದೂ ಪುಸ್ತಕದಲ್ಲಿಲ್ಲ.

ಗ್ರಂಥದ ಮುಂದಿನ ಕಥೆಯೂ ಸ್ವಾರಸ್ಯವಾದುದು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ 1925ರಲ್ಲಿಯೂ ಎರಡನೆಯದು 1939ರಲ್ಲಿಯೂ ಮೂರನೆಯದು 1961ರಲ್ಲಿಯೂ ಹೊರಬಂದವು. ಮೈಸೂರಿನಲ್ಲಿ ಅರ್ಥಶಾಸ್ತ್ರದ ಶಾಮಶಾಸ್ತ್ರಿಗಳು 1926ರಲ್ಲಿ ಒಂದು ಭಾಗವನ್ನು ಅಚ್ಚು ಹಾಕಿಸಿದರು. ಮತ್ಸ್ಯವಿನೋದವನ್ನು ಶಾಸ್ತ್ರೀಯವಾಗಿ ಓದಿದವರು ಮಾತ್ರ ಸಂಸ್ಕೃತ ಪಂಡಿತರಲ್ಲ, ಮೀನುಗಳ ಪಂಡಿತರು: ಪಂಜಾಬಿನಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ. ಪ್ರಾಚೀನ ಭಾರತೀಯರ ಮತ್ಸ್ಯಜ್ಞಾನವನ್ನು ಕುರಿತು ಅವರು ಬರೆದ ಲೇಖನಮಾಲೆಯಲ್ಲಿ ಅರ್ಥಶಾಸ್ತ್ರ ಹಾಗೂ ಅಶೋಕನ ಐದನೆಯ ಸ್ತಂಭಶಾಸನದ ಬಳಿಕ ಮೂರನೆಯದಾಗಿ ಬಂದದ್ದು ಮಾನಸೋಲ್ಲಾಸದ ಈ ಅಧ್ಯಾಯ, ವರ್ಷ 1951. ಕಲ್ಯಾಣದಲ್ಲಿ ಬರೆದದ್ದು ಬರೋಡದಲ್ಲಿ ಅಚ್ಚಾಗಿ ಕಲ್ಕತ್ತೆಯಲ್ಲಿ ಅರ್ಥವಾಯಿತು. ಅದು ಹುಟ್ಟಿದ ಸೀಮೆಯ ನಾವು ಆ ಹೊತ್ತಿಗೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಪಡೆದು ಮೂರು ವರ್ಷವಾಗಿತ್ತು. ನಿಲಂಗಾ, ಉದಗಿರ ತಾಲ್ಲೂಕುಗಳು ಇನ್ನೂ ಬೀದರ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರವು ಮೈಸೂರಿಗೂ ಈ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ಹೋದವು. ಹೊಳೆ ಮಾತ್ರ ಹಾಗೆ ಭಾಗವಾಗಲಿಲ್ಲ. ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟಿದ ಮಾಂಜ್ರಾ ನಮ್ಮ ನಿಲಂಗಾದ ಗಡಿಯಲ್ಲಿ ತೇರ್ಣೆಯನ್ನು ಕೂಡಿಸಿಕೊಂಡು ಬೀದರಕ್ಕೆ, ಅಲ್ಲಿಂದ ತೆಲಂಗಾಣಕ್ಕೆ ಹರಿದು ಗೋದಾವರಿಯನ್ನು ಸೇರುತ್ತದೆ.

ಅರಸನ ಪಟ್ಟಿಯ ಹೆಸರುಗಳಲ್ಲಿ ರೋಹಿತ, ಪಾಠೀನ ಮೊದಲಾದ ಕೆಲವು ಸಂಸ್ಕೃತ ಕೋಶಗಳಲ್ಲಿ ಸಿಗುತ್ತವೆ. ಪಾಠೀನವೆಂದರೆ ನಮ್ಮ ಬಾಳೆ ಮೀನು ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಉಳಿದ ಎಷ್ಟೋ ಹೆಸರುಗಳು ಕೋಶಕ್ಕೆ ಸಿಕ್ಕುವಂಥವಲ್ಲ. ಅವುಗಳ ನಾದವೇ ದೇಸಿ ಬಾಯಿಯದು. ಇದಕ್ಕೆ ಏಳುನೂರು ವರ್ಷಗಳ ಅನಂತರದ ಒಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಮುಂಬಯಿ ಸೇನೆಯ ಅಧಿಕಾರಿ ಕರ್ನಲ್ ಸೈಕ್ಸ್ ಎಂಬವರು ಪುಣೆಯ ಕಡೆಯ ಹೊಳೆಗಳ ಮೀನುಗಳನ್ನು ಸಂಗ್ರಹಿಸಿ, 1839ರಿಂದ 1841ರ ನಡುವೆ ಲಂಡನ್ನಿನಲ್ಲಿ ಅವುಗಳ ವರ್ಣನೆಯನ್ನು ಪ್ರಕಟಿಸಿದರು. ಹೊಸ ಮೀನುಗಳಿಗೆ ಶಾಸ್ತ್ರೀಯ ಹೆಸರಿಡುವಾಗ ಅವರು ಅಲ್ಲಿನ ಮೀನುಗಾರರ ಮಾತನ್ನೇ ಎತ್ತಿಕೊಂಡರು. ಖುದ್ರೀ, ಕೋಲುಸ್, ಮುಸುಲ್ಲಾ, ಫುಲುಂಗೀ ಇಂದಿಗೂ ಪ್ರಾಣಿಶಾಸ್ತ್ರದ ಲ್ಯಾಟಿನ್ ಹೆಸರುಗಳ ಬಾಲದಲ್ಲಿ ಉಳಿದಿರುವ ದಖ್ಖನದ ಪದಗಳು. ಕೃಷ್ಣಾ, ಗೋದಾವರಿಗಳೆರಡರ ಕಣಿವೆಯಲ್ಲಿಯೂ ಇರುವ ದಖ್ಖನದ ಮಹಶೀರ ಮೀನಿಗೆ ಶಾಸ್ತ್ರಜ್ಞರು ಕೊಟ್ಟ ಹೆಸರು ‘ಟೋರ್ ಖುದ್ರೀ’. ಕಲ್ಯಾಣದ ಬೆಸ್ತನ ಮಾತು ಸಂಸ್ಕೃತದ ಉಡುಪಿನಲ್ಲಿ ಉಳಿದಂತೆ ಪುಣೆಯ ಮೀನುಗಾರನ ಮಾತು ಲ್ಯಾಟಿನ್ನಿನ ಉಡುಪಿನಲ್ಲಿ ಉಳಿಯಿತು.

ಈಗ ಎರೆಯ ಪ್ರಶ್ನೆಗೆ ಬರೋಣ. ಮೀನು ತನ್ನ ಆಹಾರವನ್ನು ಮೂರು ದಾರಿಗಳಿಂದ ಪತ್ತೆ ಮಾಡುತ್ತದೆ. ಕಣ್ಣಿನಿಂದ ನೋಡಿ, ಮೂಗು ಮತ್ತು ಮೀಸೆಯಿಂದ ವಾಸನೆ, ರುಚಿ ಹಿಡಿದು, ಮೈಯ ಪಕ್ಕದಲ್ಲಿ ಹರಿದಿರುವ ಪಾರ್ಶ್ವರೇಖೆಯಿಂದ ನೀರಿನ ಕಂಪನವನ್ನು ಅರಿತು. ಕೃತಕ ಎರೆಯು ಕಣ್ಣಿಗೂ ಕಂಪನಕ್ಕೂ ಮೋಸ ಮಾಡಬಲ್ಲದು, ವಾಸನೆಗೆ ಮಾಡಲಾರದು. ಜೀವಂತ ಎರೆ ಮೂರಕ್ಕೂ ಉತ್ತರ ಕೊಡುತ್ತದೆ. ಹಿಟ್ಟಿನ ಉಂಡೆ ಅಲುಗುವುದಿಲ್ಲ, ಹೊಳೆಯುವುದಿಲ್ಲ. ವಾಸನೆಯೊಂದರಿಂದಲೇ ಕೆಲಸ ಸಾಧಿಸುತ್ತದೆ. ನಮ್ಮ ಸೀಮೆಯ ನೆಲ ಎರೆಮಣ್ಣು. ಮಿರಗದ ಮಳೆ ಬಿದ್ದರೆ ಹಳ್ಳಕೊಳ್ಳಗಳ ನೀರು ಮಸಿಯಂತಾಗುತ್ತದೆ, ಗೇಣುದ್ದ ಕೆಳಗೆ ಏನೂ ಕಾಣಿಸುವುದಿಲ್ಲ. ಅಂತಹ ನೀರಿನಲ್ಲಿ ಹೊಳೆಯುವ ತಗಡನ್ನು ಎಳೆದು ಪ್ರಯೋಜನ ಕಡಿಮೆ. ಉದ್ದ ಮೀಸೆಯ ಬಾಳೆ ಮೀನು ಮತ್ತು ಇತರ ಮೀಸೆಮೀನುಗಳು ವಾಸನೆಯನ್ನೇ ನಂಬಿ ಬರುತ್ತವೆ. ಚಳಿಗಾಲದಲ್ಲಿ ನೀರು ತಿಳಿಯಾದ ಮೇಲೆ ಕಣ್ಣಿನ ಮೀನುಗಳ ಕಾಲ. ಮೈಸೂರು ಕಡೆಯಲ್ಲಿ ಕೊರವ ಎಂದೂ ಮರಾಠಿಯಲ್ಲಿ ಮರಳ ಎಂದೂ ಕರೆಯುವ ಮೀನು ಹುಲ್ಲಿನ ಮರೆಯಲ್ಲಿ ಕಾದಿದ್ದು, ನೀರಿನ ಮೇಲೆ ಕಪ್ಪೆ ನೆಗೆದರೆ ಎರಗುತ್ತದೆ. ಅದಕ್ಕೆ ರಬ್ಬರು ಕಪ್ಪೆಯೂ ಆಗುತ್ತದೆ, ನಿಜವಾದ ಕಪ್ಪೆಯೂ ಆಗುತ್ತದೆ. ಎರಗುವ ಕ್ಷಣದಲ್ಲಿ ಅದಕ್ಕೆ ಮೂಸಿ ನೋಡುವಷ್ಟು ವ್ಯವಧಾನವಿಲ್ಲ. ಆದ್ದರಿಂದ ಕೃತಕವೋ ಜೀವಂತವೋ ಎಂಬ ವಾದಕ್ಕೆ ಒಂದೇ ಉತ್ತರವಿಲ್ಲ. ಯಾವ ಮೀನು, ಯಾವ ನೀರು, ಯಾವ ಮಾಸ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಅಂಗಡಿಯ ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಸೋಮೇಶ್ವರನು ಹೇಳಿದ್ದನು.

ನಮ್ಮ ಭಾಷೆಯೂ ಇದನ್ನು ತನ್ನ ರೀತಿಯಲ್ಲಿ ಬಲ್ಲದು. ಹಳೆಯ ಕನ್ನಡದಲ್ಲಿ ಎರೆ ಎಂದರೆ ಪ್ರಾಣಿಗಳ ಆಹಾರ. ಗಾಳಕ್ಕೆ ಚುಚ್ಚುವ ಹುಳುವೂ ಎರೆ. ಇಂದು ಕೃಷಿ ಇಲಾಖೆಯವರು ಗೊಬ್ಬರಕ್ಕಾಗಿ ಸಾಕಿರೆಂದು ಹೇಳುವ ಎರೆಹುಳುವನ್ನು ಕರೆಯುವಾಗಲೆಲ್ಲ ನಾವು ಅರಿಯದೆಯೇ ಗಾಳದ ಮಾತನ್ನು ಆಡುತ್ತೇವೆ. ಗಾಳಕ್ಕೆ ಮರಾಠಿಯಲ್ಲಿ ‘ಗಳ’ ಎನ್ನುತ್ತಾರೆ. ನಿಲಂಗಾದ ಸಂತೆಯಲ್ಲಿ ಗಾಳ ಕೊಳ್ಳಲು ಯಾವ ಭಾಷೆಯಲ್ಲಿ ಕೇಳಿದರೂ ಅಂಗಡಿಯವನಿಗೆ ತಿಳಿಯುತ್ತದೆ. ಒಂದು ದೀರ್ಘದ ವ್ಯತ್ಯಾಸ ಅಷ್ಟೆ.

ಹಿಟ್ಟಿನ ಉಂಡೆಯ ಕಥೆ ಕಲ್ಯಾಣದಲ್ಲಿ ಮುಗಿಯಲಿಲ್ಲ. ಅದು ದಕ್ಷಿಣದಲ್ಲಿ, ಕಾವೇರಿಯ ದಂಡೆಯಲ್ಲಿ, ಲೋಕಪ್ರಸಿದ್ಧವಾಯಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಹೊರತಂದನು. ಮಹಶೀರವನ್ನು ಹಿಡಿಯುವ ಬಗೆ ಅದರ ಮುಖ್ಯ ವಿಷಯ. ಲೋಹದ ಚಮಚ, ನೀರಿನಲ್ಲಿ ತಿರುಗಿಸಿ ಎಳೆಯುವ ನಿಜವಾದ ಮೀನು, ಎರಡರ ಗುಣದೋಷಗಳೂ ಅಲ್ಲಿ ವಿಚಾರಣೆಗೆ ಬರುತ್ತವೆ. 1887ರಲ್ಲಿ ಅವನೇ ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಇನ್ನೊಂದು ಪುಸ್ತಕ ಬರೆದನು. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮ ತುಂಬುವ ಕೆಲಸಕ್ಕೆ ಹೆಸರಾದ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು.  ಸ್ವಾತಂತ್ರ್ಯದ ಬಳಿಕ ಈ ಹವ್ಯಾಸ ಮಂಕಾಗಿದ್ದು, 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯ ಮಹಶೀರವನ್ನು ಮತ್ತೆ ಸುದ್ದಿಗೆ ತಂದರು. ಭೀಮೇಶ್ವರಿಯ ಶಿಬಿರ ಎದ್ದಿತು. ದೂರದೇಶದ ಪ್ರವಾಸಿಗಳು ಸಾವಿರಾರು ರೂಪಾಯಿ ಬೆಲೆಯ ಕೋಲು, ಚಕ್ರ, ಬಗೆಬಗೆಯ ಕೃತಕ ಎರೆಗಳ ಪೆಟ್ಟಿಗೆಗಳನ್ನು ಹೊತ್ತು ತಂದರು. ಅಲ್ಲಿನ ಹಳ್ಳಿಯ ಮಾರ್ಗದರ್ಶಿಗಳು ಅವರ ಗಾಳಕ್ಕೆ ಸಿಕ್ಕಿಸಿದ್ದು ರಾಗಿಯ ಉಂಡೆ. ಹರಿವ ನೀರಿನಲ್ಲಿ ಕರಗದಂತೆ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ನಿಂಬೆಯ ಹಣ್ಣಿನ ಗಾತ್ರಕ್ಕೆ ಅಥವಾ ಅದಕ್ಕಿಂತ ದೊಡ್ಡದಾಗಿ ಕಟ್ಟಿದರೆ, ಏಡಿಯನ್ನೂ ಮರಿಮೀನನ್ನೂ ತಿನ್ನುವ ಮಹಶೀರವೇ ಅದನ್ನೂ ನುಂಗುತ್ತಿತ್ತು. ಕಲ್ಯಾಣದ ಅರಸನಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ಆ ಶಿಬಿರಗಳು ಪಾಲಿಸಿದವು. ಕಾವೇರಿಯ ವನ್ಯಧಾಮದೊಳಗೆ ಗಾಳ ಹಾಕುವುದು 2010ರ ದಶಕದ ಆರಂಭದಲ್ಲಿ ನಿಂತುಹೋಯಿತು. ಕಾವೇರಿಯ ಗೂನು ಬೆನ್ನಿನ ಮಹಶೀರಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ‘ಟೋರ್ ರೇಮಾದೇವಿ’ ಎಂದು 2018ರಲ್ಲಿ ಗೊತ್ತಾಯಿತು; ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಲೋಕವೆಲ್ಲ ಹಾಡಿ ಹೊಗಳಿದ ಮೀನಿನ ನಿಜನಾಮ ತಿಳಿಯುವ ಹೊತ್ತಿಗೆ ಅದು ಹೋಗುವ ಹಾದಿಯಲ್ಲಿತ್ತು.

ಇಲ್ಲಿಯವರೆಗೆ ಜಾಣ್ಮೆಯ ಮಾತಾಯಿತು. ಕರುಣೆಯ ಮಾತೂ ಇದೆ, ಅದನ್ನು ದಾಟಿ ಹೋಗುವಂತಿಲ್ಲ. ವಾಲ್ಟನ್ನನು ಜೀವಂತ ಕಪ್ಪೆಯನ್ನು ಗಾಳಕ್ಕೆ ಹೊಲಿಯುವ ಬಗೆಯನ್ನು ವಿವರಿಸುತ್ತ, ಅದು ಹೆಚ್ಚು ಹೊತ್ತು ಬದುಕಲೆಂದು ಪ್ರೀತಿಯ ಜೀವಿಯನ್ನು ಮುಟ್ಟುವಂತೆ ಅದನ್ನು ಮುಟ್ಟಬೇಕೆನ್ನುತ್ತಾನೆ. ಇಂಗ್ಲಿಷ್ ಸಾಹಿತ್ಯದಲ್ಲಿ ಎಷ್ಟೋ ಜನ ಓದಿ ನಕ್ಕ, ಎಷ್ಟೋ ಜನ ಬೈರನ್ ಕವಿಯಂತೆ ಸಿಟ್ಟಾದ ಪುಸ್ತಕ ಅದು. ಜೀವಂತ ಎರೆಯಲ್ಲಿ ಒಂದು ಜೀವವನ್ನು ಹಿಡಿಯಲು ಇನ್ನೊಂದು ಜೀವವನ್ನು ಮುಳ್ಳಿಗೆ ಏರಿಸಬೇಕು. ಈ ಸಂಕಟ ಕಲ್ಯಾಣಕ್ಕೆ ಅಪರಿಚಿತವಾಗಿರಲಿಲ್ಲ. ಸೋಮೇಶ್ವರನು ತೀರಿಕೊಂಡ ಎರಡು ಮೂರು ದಶಕಗಳಲ್ಲಿಯೇ ಅದೇ ನಗರದಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ಬಸವಣ್ಣನವರೂ ಶರಣರೂ ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಹೇಳಿದರು. ಅರಸನು ಜೀವಹಿಂಸೆಯನ್ನು ವಿನೋದಗಳ ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ ಲೆಕ್ಕಕ್ಕೆ ಹಿಡಿದ ಊರು ಮತ್ತು ಶರಣರ ಊರು ಒಂದೇ. ಅದಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸುವುದು ಇನ್ನೊಂದು ಸಂಗತಿ. ಅರಸನ ಪುಸ್ತಕದಲ್ಲಿ ನೀರಿನವರಿಗೆ ಹೆಸರಿರಲಿಲ್ಲವಷ್ಟೆ. ಶರಣರ ನಡುವೆ ದೋಣಿ ನಡೆಸುವ ಕಾಯಕದ ಚೌಡಯ್ಯನು ತನ್ನ ವಚನಗಳಿಗೆ ದೇವರ ಹೆಸರನ್ನು ಅಂಕಿತವಾಗಿ ಇಡದೆ ‘ಅಂಬಿಗರ ಚೌಡಯ್ಯ’ ಎಂಬ ತನ್ನ ಹೆಸರನ್ನೇ ಇಟ್ಟನು. ಒಂದು ತಲೆಮಾರಿನ ಅಂತರದಲ್ಲಿ ಕಲ್ಯಾಣ ಅಷ್ಟು ಬದಲಾಗಿತ್ತು.

ಹಾಗೆಂದು ಮೀನು ಹಿಡಿದು ಬದುಕುವವರ ಮೇಲೆ ಉಪದೇಶ ಹೇರುವುದು ನ್ಯಾಯವಲ್ಲ. ವಿನೋದಕ್ಕೆ ಹಿಡಿಯುವವನಿಗೆ ಕೃತಕ ಎರೆಯ ಆಯ್ಕೆ ಸುಲಭ. ಅವನ ಪೆಟ್ಟಿಗೆಯಲ್ಲಿ ಹತ್ತು ಬಗೆಯವು ಇರುತ್ತವೆ. ಸಂಜೆಯ ಊಟಕ್ಕೆ ಹಿಡಿಯುವವನಿಗೆ ಎರೆಹುಳು ಅಂಗಳದ ತೇವದಲ್ಲಿ ಪುಕ್ಕಟೆ ಸಿಗುತ್ತದೆ. ಕಪ್ಪೆಯ ವಿಷಯ ಮಾತ್ರ ಬೇರೆ. ಒಂದು ಕಾಲದಲ್ಲಿ ಭಾರತದಿಂದ ಹೊರದೇಶಗಳಿಗೆ ಕಪ್ಪೆಯ ಕಾಲುಗಳನ್ನು ಟನ್ನುಗಟ್ಟಲೆ ಕಳುಹಿಸುತ್ತಿದ್ದರು. ಗದ್ದೆಗಳಲ್ಲಿ ಕೀಟಗಳು ಹೆಚ್ಚುವ ಭಯದಿಂದ ಸರಕಾರವು 1987ರಲ್ಲಿ ಆ ರಫ್ತನ್ನು ನಿಲ್ಲಿಸಿತು. ಕೊರವ ಮೀನಿಗೆ ರಬ್ಬರು ಕಪ್ಪೆ ಸಾಕಾಗುವುದಾದರೆ ನಿಜವಾದ ಕಪ್ಪೆಯನ್ನು ಹೊಲದಲ್ಲಿ ಬಿಡುವುದೇ ಲೇಸೆಂದು ನನ್ನ ಮತ.

ಇನ್ನು ನಮ್ಮ ನೀರಿನ ಈಗಿನ ಸ್ಥಿತಿ. ಮಾಂಜ್ರಾ, ತೇರ್ಣೆಗಳಿಗೆ ಅಣೆಕಟ್ಟು, ಬಂಧಾರಗಳು ಬಂದವು. ಉಮರ್ಗಾಕ್ಕೆ ಸಮೀಪದ ಮಾಕಣಿಯ ತೇರ್ಣಾ ಜಲಾಶಯ ಅವುಗಳಲ್ಲಿ ಒಂದು. ಕೆಳಗೆ ತೆಲಂಗಾಣದಲ್ಲಿ ನಿಜಾಮಸಾಗರದ ಕಟ್ಟೆ 1931ರಿಂದಲೂ ಮಾಂಜ್ರಾಕ್ಕೆ ಅಡ್ಡಲಾಗಿ ನಿಂತಿದೆ. ಹರಿವ ಹೊಳೆ ನಿಂತ ನೀರಾದಂತೆ ಮೀನಿನ ಸಮಾಜವೂ ಬದಲಾಯಿತು. 1957ರಲ್ಲಿ ಒಡಿಶಾದ ಅಂಗುಲದಲ್ಲಿ ಹೀರಾಲಾಲ ಚೌಧುರಿಯವರು ಗ್ರಂಥಿರಸದ ಚುಚ್ಚುಮದ್ದು ಕೊಟ್ಟು ಗೆಂಡೆಜಾತಿಯ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದ ಮೇಲೆ ಗಂಗೆಯ ಸೀಮೆಯ ಕಟ್ಲಾ, ರೋಹು, ಮೃಗಾಲಗಳ ಮರಿ ದೇಶದ ಎಲ್ಲ ಕೆರೆ, ಜಲಾಶಯಗಳಿಗೂ ತಲುಪಿತು. ಕಟ್ಲಾ ಮೇಲುನೀರಿನದು, ರೋಹು ನಡುನೀರಿನದು, ಮೃಗಾಲ ತಳದ್ದು. ಮೂರೂ ಬೇಟೆಯಾಡುವ ಮೀನುಗಳಲ್ಲ. ಅವುಗಳ ಮುಂದೆ ಫಿನ್ಲೆಂಡಿನ ಮೀನನ್ನು ದಿನವಿಡೀ ಎಳೆದರೂ ತಿರುಗಿ ನೋಡುವುದು ಅಪರೂಪ. ಶೇಂಗಾ ಹಿಂಡಿಯನ್ನೋ ಕುಸುಬಿ ಹಿಂಡಿಯನ್ನೋ ಹಿಟ್ಟಿನಲ್ಲಿ ಕಲಸಿ ಉಂಡೆ ಕಟ್ಟಿ, ಮೊದಲು ಒಂದಿಷ್ಟು ಚೆಲ್ಲಿ ಕಾದರೆ ಬರುತ್ತವೆ. ಆಧುನಿಕ ವಿಜ್ಞಾನ ನಮ್ಮ ಜಲಾಶಯಗಳಿಗೆ ತಂದ ಮೀನು ಹನ್ನೆರಡನೆಯ ಶತಮಾನದ ಎರೆಗೇ ಬಾಯಿ ತೆರೆಯುತ್ತದೆ.

2016ರ ಬೇಸಿಗೆಯನ್ನು ನಮ್ಮವರು ಮರೆತಿಲ್ಲ. ಮಾಂಜ್ರಾ ಬತ್ತಿ, ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದಿತು. ಅಂತಹ ಬರಗಾಲದಲ್ಲಿ ಬಿತ್ತಿದ ಗೆಂಡೆಗಳು ಉಳಿಯುವುದಿಲ್ಲ. ಮುಂದಿನ ಮಳೆಗೆ ಮತ್ತೆ ಮರಿ ಕೊಂಡು ಬಿಡಬೇಕು. ಹೊರಗಿನ ಗಾಳಿಯನ್ನು ಉಸಿರಾಡಬಲ್ಲ ಕೊರವ ಮಾತ್ರ ಕೆಸರಿನಲ್ಲಿ ಹುದುಗಿ ದಿನ ದೂಡಬಲ್ಲದು. ಗಂಗೆಯ ಮೀನಿನ ಹೆಸರು ಸರಕಾರದ ಕಾಗದದಲ್ಲಿ ಬರುತ್ತದೆ, ಪೇಟೆಯ ದರಪಟ್ಟಿಯಲ್ಲಿ ಬರುತ್ತದೆ. ಕೆಸರಿನಲ್ಲಿ ಬದುಕಿ ಉಳಿಯುವ, ಹಳ್ಳದ ಮಡುವಿನಲ್ಲಿ ಸಿಗುವ ಸಣ್ಣಪುಟ್ಟ ಸ್ಥಳೀಯ ಮೀನುಗಳ ಹೆಸರು ಬರುವುದು ದಂಡೆಯ ಹಿರಿಯರ ಬಾಯಲ್ಲಿ ಮಾತ್ರ, ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ಕೆಲವೊಮ್ಮೆ ಎರಡಕ್ಕೂ ಸೇರದ ಇನ್ನೊಂದು.

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಮೀನು ತಿನ್ನುವವರೂ ಇದ್ದಾರೆ, ಮುಟ್ಟದವರೂ ಇದ್ದಾರೆ. ಹೆಸರು ಬರೆದಿಡಲು ಇಬ್ಬರಿಗೂ ಅಡ್ಡಿಯಿಲ್ಲ. ಮುಂದಿನ ಸಮ್ಮೇಳನದೊಳಗೆ ಮಾಂಜ್ರಾ ಮತ್ತು ತೇರ್ಣೆಯ ದಂಡೆಯ ಹಳ್ಳಿಗಳಿಂದ ನಮ್ಮ ಯುವಕರು ಒಂದು ನೋಟುಬುಕ್ಕು ತುಂಬಿ ತರಲಿ. ಮೀನಿನ ಕನ್ನಡ ಹೆಸರು, ಮರಾಠಿ ಹೆಸರು, ಅದು ಸಿಗುವ ಮಾಸ ಮತ್ತು ಮಡು, ಗಾಳಕ್ಕೆ ಕಟ್ಟುವ ಎರೆ, ಹೇಳಿದವರ ಹೆಸರು. ಕೊನೆಯ ಕಲಮು ಸೋಮೇಶ್ವರನ ಪುಸ್ತಕದಲ್ಲಿ ಇರಲಿಲ್ಲ.